ಬೆಂಚಿನ ಕಡೆ ನೋಡುವ ಹುಡುಗರು

ತಮ್ಮ ಕಾಲ ಮುಗಿಯಿತು ಎಂಬುದು ಲತೀಫ್ ಸಾಹೇಬರಿಗೆ ಗೊತ್ತಾದದ್ದು ಎದುರಾಳಿ ತಂಡದ ಹುಡುಗನೊಬ್ಬನಿಗೆ ತಾವೇ ದಾರಿ ತೋರಿಸಿ ಗೋಲು ಹೊಡೆಸಿಕೊಂಡ ದಿನ. ಭದ್ರಾವತಿಯ ಓಲ್ಡ್ ಟೌನ್ ಯೂನಿಯನ್ ಫುಟ್‌ಬಾಲ್ ತಂಡಕ್ಕೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೋಚೂ ಅವರೇ, ಮ್ಯಾನೇಜರೂ ಅವರೇ, ಯಾರಾದರೂ ಕಾಲು ಉಳುಕಿಸಿಕೊಂಡರೆ ಡಾಕ್ಟರೂ ಅವರೇ. ಕಾರ್ಖಾನೆಯ ಊರು ನೋಡಿ, ತಂಡದಲ್ಲಿ ತಮಿಳರು, ತೆಲುಗರು, ಕನ್ನಡದವರು, ದಖನಿ ಮಾತಾಡುವವರು ಎಲ್ಲರೂ ಇದ್ದರು. ಯಾರಿಗೆ ಯಾವುದು ಮನೆಮಾತೋ ಅದರಲ್ಲೇ ಕೂಗಬೇಕು, ಆಗ ಮಾತು ತಲೆಗೆ ಹೋಗಿ ಸುತ್ತಾಡದೆ ನೇರ ಕಾಲಿಗೆ ಇಳಿಯುತ್ತದೆ ಎಂಬುದು ಸಾಹೇಬರ ನಂಬಿಕೆ. ಅವತ್ತು ದೂರದಲ್ಲಿ ಚೆಂಡು ಹಿಡಿದು ನಿಂತವನು ತಮ್ಮ ತಂಡದ ತಮಿಳು ಹುಡುಗ ಸೆಲ್ವಂ ಎಂದುಕೊಂಡು "ಮುನ್ನಾಡಿ ಪೋಡಾ", ಮುಂದೆ ಹೋಗೋ, ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಎದುರಾಳಿ ತಂಡದ ಆ ಹುಡುಗನಿಗೂ ತಮಿಳು ಬರುತ್ತಿತ್ತು. ಸಿಕ್ಕಿದ್ದೇ ಸೀರುಂಡೆ ಎಂದು ಅವನು ಮುಂದಕ್ಕೆ ಓಡಿದ, ಓಡಿದವನು ಓಲ್ಡ್ ಟೌನಿನ ಗೋಲಿಗೇ ಹೊಡೆದ.

ತಂಡದ ಹುಡುಗರು ಒಬ್ಬರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಸಾಹೇಬರಿಗೆ ಜಾಸ್ತಿ ಚುಚ್ಚಿತು. ಮಾರನೆಯ ದಿನ ಹೆಂಡತಿ ಮೆಹರ್ ಬಾನುವನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಇದು ಪೊರೆಯಲ್ಲ, ನರ ಸೊರಗಿದೆ, ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳೋಣ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಹತ್ತಿರದ್ದು ಕಾಣುತ್ತಿತ್ತು. ಮೈದಾನದ ಆಚೆ ಬದಿ ಮಾತ್ರ ಒಲೆಯ ಹೊಗೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಸಾಹೇಬರು ಹೆಂಡತಿಗೆ ಒಂದೇ ಮಾತು ಹೇಳಿದರು, ಇದು ಮನೆಯ ಹೊಸ್ತಿಲು ದಾಟಬಾರದು. ಊರಿಗೆಲ್ಲ ಮೊಣಕಾಲು ನೋವು ಎಂದು ಹೇಳಿದ್ದಾಯಿತು. ಮೊಣಕಾಲು ಪಾಪ, ಗಟ್ಟಿಮುಟ್ಟಾಗಿಯೇ ಇತ್ತು.

ಕ್ಲಬ್ಬಿನ ಕಾರ್ಯದರ್ಶಿ ಪುಟ್ಟಯ್ಯ ಸಾಹೇಬರ ಜೊತೆ ಒಂದೇ ಶಿಫ್ಟಿನಲ್ಲಿ ದುಡಿದವನು, ಗೆಳೆಯ. "ಮೊಣಕಾಲು ನೋವಾದ್ರೆ ಕುರ್ಚಿ ಹಾಕಿಸ್ತೀವಿ ಮಾರಾಯ, ಕೂತ್ಕೊಂಡೇ ನಡೆಸು" ಎಂದ. ಸಾಹೇಬರು ಒಪ್ಪಲಿಲ್ಲ. ತಾವೇ ಆರಿಸಿದ ಹೆಸರನ್ನು ಕಮಿಟಿಯ ಮುಂದಿಟ್ಟರು. ಚೈತನ್ಯಾ.

ಈ ಚೈತನ್ಯಾ ಯಾರೆಂದರೆ, ಓಲ್ಡ್ ಟೌನ್ ತಂಡಕ್ಕೆ ಹಿಂದೆ ಗೋಲ್‌ಕೀಪರ್ ಆಗಿದ್ದ ಷಡಕ್ಷರಪ್ಪನ ಮಗಳು. ಷಡಕ್ಷರಪ್ಪ ಈಗಿಲ್ಲ. ಕಾಲೇಜು ಮುಗಿಯುವವರೆಗೂ ಹುಡುಗರ ಜೊತೆಗೇ ಪ್ರಾಕ್ಟೀಸು ಮಾಡಿ, ಹುಡುಗರಿಗಿಂತ ಜಾಸ್ತಿ ಬೈಸಿಕೊಂಡು ಬೆಳೆದವಳು. ಆಮೇಲೆ ಕೋಚಿಂಗ್ ಪರೀಕ್ಷೆಯನ್ನೂ ಪಾಸು ಮಾಡಿ, ಈಗ ಶಿವಮೊಗ್ಗದ ಹೊಸಮನೆಯ ಒಂದು ಶಾಲೆಯಲ್ಲಿ ಪಿಟಿ ಮೇಡಂ. ಹೆಸರು ಕೇಳುತ್ತಲೇ ಕಮಿಟಿಯವರ ಮುಖ ಮುಖ ನೋಡಿಕೊಳ್ಳುವ ಕೆಲಸ ಶುರುವಾಯಿತು. ಹೆಣ್ಣುಮಗಳ ಮಾತನ್ನು ಈ ಪುಂಡರು ಕೇಳುತ್ತಾರೆಯೇ ಎಂದು ಪುಟ್ಟಯ್ಯನೇ ಬಾಯಿಬಿಟ್ಟ.

"ನಿಮ್ಮನೇಲಿ ಕೋಚ್ ಯಾರು ಪುಟ್ಟಯ್ಯ?" ಎಂದರು ಸಾಹೇಬರು.

ಪುಟ್ಟಯ್ಯನ ಹೆಂಡತಿ ಉಚ್ಚಂಗಮ್ಮನನ್ನು ಕಮಿಟಿಯ ಎಲ್ಲರೂ ಬಲ್ಲರು. ನಗು ತಡೆಯಲಾಗದೆ ಠರಾವು ಪಾಸಾಯಿತು.

ಚೈತನ್ಯಾ ಮಾತ್ರ ಹಾರಿ ಬಂದು ಹೂಂ ಎನ್ನಲಿಲ್ಲ. ಎರಡು ಪಂದ್ಯ ನೋಡಿ ಹೇಳುತ್ತೇನೆ ಎಂದಳು. ಶಿವಮೊಗ್ಗದಿಂದ ಸ್ಕೂಟರಿನಲ್ಲಿ ಬಂದು, ಬೇಲಿಯ ಪಕ್ಕ ನಿಂತು, ಮಾತಿಲ್ಲದೆ ನೋಡಿದಳು. ಎರಡನೆಯ ಪಂದ್ಯ ಮುಗಿದ ಮೇಲೆ ಸಾಹೇಬರು ಹೆಮ್ಮೆಯಿಂದ ಕೇಳಿದರು, ಹುಡುಗರು ಹೇಗೆ ಅಂತ.

ಅವರ ಹೆಮ್ಮೆಗೆ ಕಾರಣವಿತ್ತು. ಗದ್ದಲದಲ್ಲಿ ಕೂಗು ಕೇಳಿಸದಿದ್ದರೆ ಇರಲಿ ಎಂದು ಅವರು ಸನ್ನೆಗಳನ್ನು ಮಾಡಿಟ್ಟಿದ್ದರು. ತಲೆಯ ಟೋಪಿ ಎತ್ತಿದರೆ ಮುಂದಕ್ಕೆ ನುಗ್ಗು. ಕಿವಿ ಹಿಡಿದರೆ ಚೆಂಡು ಹಿಂದಕ್ಕೆ ಕೊಡು. ಮೂಗು ಮುಟ್ಟಿದರೆ ಆಚೆ ಬದಿಗೆ ದಾಟಿಸು. ತಂಡಕ್ಕೆ ಹೊಸದಾಗಿ ಸೇರಿದವನಿಗೆ ಚೆಂಡು ಮುಟ್ಟುವ ಮೊದಲೇ ಈ ಪಾಠ. "ಚೆಂಡು ಸಿಕ್ಕಿದ ತಕ್ಷಣ ಏನ್ ಮಾಡ್ಬೇಕು?" "ಬೆಂಚ್ ಕಡೆ ನೋಡ್ಬೇಕು ಸಾರ್." ಮಗ್ಗಿಯಂತೆ ಇದನ್ನು ಒಪ್ಪಿಸಿದವನಿಗೇ ಜರ್ಸಿ. ಅಪ್ಪಂದಿರು ಒಪ್ಪಿಸಿದ್ದನ್ನೇ ಈಗ ಮಕ್ಕಳು ಒಪ್ಪಿಸುತ್ತಿದ್ದರು. ಇಷ್ಟು ಶಿಸ್ತಿನ ತಂಡ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಸಾಹೇಬರು ಹೇಳುತ್ತಿದ್ದರು, ಅದು ಸುಳ್ಳೂ ಅಲ್ಲ.

"ಒಳ್ಳೆ ಹುಡುಗ್ರು ಸಾರ್" ಎಂದಳು ಚೈತನ್ಯಾ. "ಆದ್ರೆ ಹೋದ ವಾರ ಸೆಕೆಂಡ್ ಹಾಫಲ್ಲಿ ನೀವು ಒಂದಕ್ಕೆ ಎದ್ದು ಹೋದ್ರಲ್ಲ, ಆಗ ಎರಡು ಗೋಲು ಬಿಟ್ರು."

"ಆಟ ಅಂದ್ಮೇಲೆ ಗೋಲು ಆಗುತ್ತೆ."

"ಚೆಂಡು ಕಾಲಲ್ಲಿ ಇಟ್ಕೊಂಡು ನಿಮ್ಮ ಖಾಲಿ ಜಾಗ ನೋಡ್ತಾ ನಿಂತಿದ್ರು ಸಾರ್. ಬಸ್ ಮಿಸ್ ಆದೋರ ಥರ."

ಸಾಹೇಬರು ಟೋಪಿ ತೆಗೆದು, ತಲೆ ಒರೆಸಿ, ಮತ್ತೆ ಹಾಕಿಕೊಂಡರು. ಅಷ್ಟಕ್ಕೇ ಮೈದಾನದ ಮೂಲೆಯಲ್ಲಿ ಶೂ ಬಿಚ್ಚುತ್ತಿದ್ದ ಇಬ್ಬರು ಹುಡುಗರು ಎದ್ದು ನಿಂತರು.

"ನಾನು ಬರ್ತೀನಿ ಸಾರ್" ಎಂದಳು ಚೈತನ್ಯಾ. "ಆದ್ರೆ ನೀವು ಬರಬಾರದು. ಈ ಸೀಸನ್ನಲ್ಲಿ ಉಳಿದಿರೋ ಎರಡು ಮ್ಯಾಚಿಗೆ ಮೈದಾನದ ಹತ್ರಾನೇ ಸುಳೀಬಾರದು. ನೀವು ಕಣ್ಣಿಗೆ ಬೀಳ್ತಿರೋ ತನಕ ಅವರು ನನ್ನ ಮಾತು ಕೇಳಲ್ಲ. ನನ್ನದು ಹೋಗ್ಲಿ, ಅವರ ತಲೆಯ ಮಾತನ್ನೂ ಕೇಳಲ್ಲ."

ಮೂವತ್ತು ವರ್ಷಗಳಲ್ಲಿ ಸಾಹೇಬರು ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ತಮ್ಮ ಮದುವೆಯ ಮಾತುಕತೆಯನ್ನೇ ಒಂದು ಫೈನಲ್ ಸಲುವಾಗಿ ಮುಂದೂಡಿದ್ದರು, ಅದನ್ನು ಮೆಹರ್ ಬಾನು ಇವತ್ತಿನವರೆಗೂ ಎತ್ತಾಡುತ್ತಾಳೆ. ಆದರೂ ಹೂಂ ಎಂದರು. ಷಡಕ್ಷರಪ್ಪನ ಮಗಳು ಎದುರಿಗೆ ನಿಂತು ಕೇಳಿದಾಗ ಇಲ್ಲ ಎನ್ನುವುದು ಹೇಗೆ?

ಹೂಂ ಎಂದವರು ಮನೆಯಲ್ಲಿ ಕೂತರಾ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮೊದಲ ಪಂದ್ಯ ಓಲ್ಡ್ ಟೌನಿನ ಮೈದಾನದಲ್ಲೇ ಇತ್ತು, ಮೈದಾನದ ಗೋಡೆಗೆ ಅಂಟಿಕೊಂಡೇ ಪುಟ್ಟಯ್ಯನ ಮನೆ. ಟೆರೇಸಿನ ಮೇಲೆ ನಿಂತರೆ ಇಡೀ ಆಟ ಕಾಲ ಕೆಳಗೆ. ಮೈದಾನದ ಹತ್ತಿರ ಸುಳಿಯಬಾರದು ಅಂದಿದ್ದಾಳೆ, ಟೆರೇಸು ಮೈದಾನ ಅಲ್ಲವಲ್ಲ ಎಂದು ಸಾಹೇಬರು ತಮಗೆ ತಾವೇ ಒಂದು ಲಾಯರಿಕೆ ಹೇಳಿಕೊಂಡರು. ಗುರುತು ಸಿಗದಿರಲಿ ಎಂದು ತಮ್ಮ ಟೋಪಿ ಬಿಟ್ಟು, ಪುಟ್ಟಯ್ಯನ ಉಣ್ಣೆಯ ಮಂಕಿಕ್ಯಾಪು ಹಾಕಿ, ಮೇಲೊಂದು ಶಾಲು ಹೊದ್ದುಕೊಂಡರು. ಏಪ್ರಿಲ್ ತಿಂಗಳ ಬಿಸಿಲು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಟ್ಯಾಂಕಿನ ಪಕ್ಕ ನಿಂತರು. ಅರ್ಧ ಮೈದಾನ ಅವರಿಗೆ ಕಾಣುತ್ತಿರಲಿಲ್ಲವಾದ್ದರಿಂದ, ಕನ್ನಡಕ ಮರೆತು ಬಂದೆ ಎಂದು ಸುಳ್ಳು ಹೇಳಿ ಪುಟ್ಟಯ್ಯನಿಂದ ವಿವರ ಹೇಳಿಸಿಕೊಳ್ಳುತ್ತಿದ್ದರು.

ಎರಡನೆಯ ಅರ್ಧದವರೆಗೆ ಯಾರಿಗೂ ಗೋಲಿಲ್ಲ. ಆಮೇಲೆ ಪುಟ್ಟಯ್ಯ ಇದ್ದಕ್ಕಿದ್ದಂತೆ ಸಾಹೇಬರ ತೋಳು ಹಿಡಿದುಕೊಂಡ. "ವಿಷ್ಣು ಹತ್ರ ಇದೆ ಮಾರಾಯ. ಒಬ್ನೇ ಇದಾನೆ. ಮುಂದೆ ಕೀಪರ್ ಬಿಟ್ರೆ ನರಪಿಳ್ಳೆ ಇಲ್ಲ."

ವಿಷ್ಣು ತಂಡದ ಕ್ಯಾಪ್ಟನ್. ನಾಚಿಕೆ ಸ್ವಭಾವದ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗ. ಸಾಹೇಬರಿಗೆ ಬೆವರು ಕಿತ್ತುಬಂತು, ಬೆವರಿಗೆ ಉಣ್ಣೆ ಸೇರಿ ಕಿವಿ ವಿಪರೀತ ಕೆರೆಯಿತು. ಕೈ ತಾನಾಗಿಯೇ ಮೇಲೆ ಹೋಗಿ ಮಂಕಿಕ್ಯಾಪಿನ ಮೇಲಿಂದಲೇ ಕಿವಿ ಹಿಡಿಯಿತು.

"ಥೂ, ಹಿಂದಕ್ಕೆ ಕೊಟ್ಟ" ಎಂದ ಪುಟ್ಟಯ್ಯ.

"ಹಿಂದಕ್ಕೆ? ಯಾಕೆ?"

"ಯಾಕೋ. ಗೋಲು ಎದುರಿಗಿತ್ತು, ತಲೆಯೆತ್ತಿ ಈ ಕಡೆ ನೋಡಿದ, ತಿರುಗಿ ಹಿಂದಕ್ಕೆ ಕೊಟ್ಟ. ಅವರು ಕಿತ್ಕೊಂಡ್ರು, ಓಡ್ತಿದಾರೆ, ಹೋಯ್ತು. ಗೋಲು." ಪುಟ್ಟಯ್ಯ ಗೆಳೆಯನ ಕಡೆ ತಿರುಗಿದ. ಸಾಹೇಬರ ಕೈ ಇನ್ನೂ ಕಿವಿಯ ಮೇಲೇ ಇತ್ತು. "ಕೈ ಇಳ್ಸು ಮಾರಾಯ" ಎಂದ ಮೆಲ್ಲಗೆ.

ಹುಡುಗರು ಎಷ್ಟು ಹೊತ್ತಿನಿಂದ ಟೆರೇಸು ನೋಡುತ್ತಿದ್ದರೋ ಏನೋ. ಮಂಕಿಕ್ಯಾಪಲ್ಲ, ಗೋಣಿಚೀಲದೊಳಗೆ ಕೂತಿದ್ದರೂ ಅವರು ಸಾಹೇಬರ ಕೈಯನ್ನು ಗುರುತು ಹಿಡಿಯುತ್ತಿದ್ದರು. ಒಂದು ಗೋಲಿನಿಂದ ಓಲ್ಡ್ ಟೌನ್ ಸೋತಿತು.

ಸಂಜೆ ಚೈತನ್ಯಾ ಸಾಹೇಬರ ಮನೆಗೆ ಬಂದಳು. ಮೆಹರ್ ಬಾನು ಚಹಾ ಕೊಟ್ಟು, ಗಂಡನ ಮುಖ ನೋಡಿ, ಒಳಗೆ ಹೋಗದೆ ಅಲ್ಲೇ ಬಾಗಿಲ ಬಳಿ ಕೂತಳು.

"ಪುಟ್ಟಯ್ಯನೋರ ಟೆರೇಸ್ ಮೇಲೆ ಯಾರೋ ಮಂಕಿಕ್ಯಾಪ್ ಹಾಕ್ಕೊಂಡು ನಿಂತಿದ್ರು ಸಾರ್, ಇಂಥಾ ಬಿಸಿಲಲ್ಲಿ" ಎಂದಳು ಚೈತನ್ಯಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸಾಹೇಬರ ಕೈ ತಲೆಗೆ ಹೋಯಿತು. "ಪುಟ್ಟಯ್ಯಂಗೆ ಶೀತ" ಎಂದರು.

"ಪುಟ್ಟಯ್ಯನೋರು ಪಕ್ಕದಲ್ಲೇ ಬನಿಯನ್ನಲ್ಲಿ ಇದ್ರು."

ಬಾಗಿಲ ಬಳಿ ಮೆಹರ್ ಬಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚೈತನ್ಯಾ ನಗಲಿಲ್ಲ. ಮುಂದಿನ ಭಾನುವಾರ ಶಿವಮೊಗ್ಗದಲ್ಲಿ ಕೊನೆಯ ಪಂದ್ಯ, ಡ್ರಾ ಆದರೂ ಸಾಕು, ಸೋತರೆ ಮಾತ್ರ ತಂಡ ಎರಡನೆಯ ಡಿವಿಜನ್ನಿಗೆ ಇಳಿಯುತ್ತದೆ ಎಂದಳು. ಇಳಿದರೆ ಏನಾಗುತ್ತದೆ ಎಂದು ಹೇಳುವ ಅಗತ್ಯವಿರಲಿಲ್ಲ. ವಿಷ್ಣು, ಸೆಲ್ವಂ, ಕೀಪರ್ ಮೊಹ್ಸಿನ್ ಈ ಮೂವರನ್ನು ಶಿವಮೊಗ್ಗದ ಕ್ಲಬ್ಬುಗಳು ಆಗಲೇ ಕರೆಯುತ್ತಿದ್ದವು. ಮೂವರು ಹೋದರೆ ಉಳಿದವರು ತಾವಾಗಿಯೇ ಚದುರುತ್ತಾರೆ. ಕಾರ್ಖಾನೆ ಮುಚ್ಚಿ ಅದರ ಸೈರನ್ನು ನಿಂತರೂ ಓಲ್ಡ್ ಟೌನಿನಲ್ಲಿ ನಿಲ್ಲದೇ ಉಳಿದದ್ದು ಈ ತಂಡವೊಂದೇ. ಅದು ತಮ್ಮ ಕಣ್ಣೆದುರಿಗೇ ಮುಚ್ಚಿಹೋಗುವುದು ಸಾಹೇಬರಿಗೆ ಸಹಿಸಲಾಗದ ಮಾತು.

"ಹಂಗಾದ್ರೆ ಈ ಒಂದು ಮ್ಯಾಚಿಗೆ ನಾನೇ ಬಂದು ಕೂತ್ಕೊಳ್ತೀನಿ" ಎಂದರು. "ಡ್ರಾ ಮಾಡಿಸಿಕೊಟ್ಟು ಹೋಗ್ತೀನಿ. ಅಷ್ಟು ನನ್ನ ಕೈಲಾಗುತ್ತೆ."

"ಆಗಬಹುದು ಸಾರ್. ಮುಂದಿನ ವರ್ಷ?"

ಚೈತನ್ಯಾ ಚಹಾದ ಲೋಟ ಕೆಳಗಿಟ್ಟಳು. ಮುಂದಿನ ಮಾತು ಆಡುವುದು ಅವಳಿಗೆ ಕಷ್ಟವಾಗುತ್ತಿತ್ತು. "ಸಾರ್, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗ್ರು ಆಚೆ ಬದೀಲಿ ಆಡೋದನ್ನೇ ಬಿಟ್ಟಿದ್ದಾರೆ. ಚೆಂಡು ಎಲ್ಲಿ ಸಿಕ್ರೂ ಬೆಂಚಿನ ಕಡೆಗೇ ಎಳ್ಕೊಂಡು ಬರ್ತಾರೆ. ಅರ್ಧ ಮೈದಾನ ಎದುರಾಳಿಗೆ ಬಿಟ್ಟುಕೊಟ್ಟು, ಇನ್ನರ್ಧದಲ್ಲಿ ಒಬ್ಬರ ಮೇಲೊಬ್ಬರು ಬೀಳ್ತಾರೆ. ಯಾಕೆ ಹೀಗೆ ಅಂತ ನಿನ್ನೆ ವಿಷ್ಣುನ ಕೂರಿಸ್ಕೊಂಡು ಕೇಳಿದೆ. ಹೇಳೋಕೆ ಒಪ್ಪಲೇ ಇಲ್ಲ. ಕೊನೇಗೆ ಹೇಳ್ದ."

"ಏನ್ ಹೇಳ್ದ?"

"'ಆಚೆ ಬದಿ ಸಾರ್‌ಗೆ ಕಾಣಲ್ಲ ಮೇಡಂ, ಅದಕ್ಕೆ ಹತ್ರ ಆಡ್ತೀವಿ' ಅಂದ."

ಸಾಹೇಬರು ಹೆಂಡತಿಯ ಕಡೆ ನೋಡಿದರು. ಅಲ್ಲಾಹನಾಣೆ ನಾನು ಹೇಳಿಲ್ಲ ಎಂಬಂತೆ ಮೆಹರ್ ಬಾನು ತಲೆಯಾಡಿಸಿದಳು.

"ಯಾರೂ ಹೇಳಿಲ್ಲ ಸಾರ್" ಎಂದಳು ಚೈತನ್ಯಾ. "ಆ ಹುಡುಗಂಗೆ ನೀವು ತಮಿಳಲ್ಲಿ ಕೂಗಿದ್ರಲ್ಲ, ಅವತ್ತೇ ಅವರಿಗೆ ಗೊತ್ತಾಗಿದೆ. ಅವತ್ತಿಂದ ಯಾರಿಗೂ ಹೇಳದೆ ಹೀಗೆ ಆಡ್ತಿದ್ದಾರೆ. ನೀವು ಬೆಂಚಲ್ಲಿ ಕೂತ್ರೆ ಅವರು ಇನ್ನೂ ಹತ್ರ ಬರ್ತಾರೆ. ನಿಮ್ಮನ್ನ ಕಂಡ್ರೆ ಅವರಿಗೆ ಅಷ್ಟು ಪ್ರೀತಿ. ನಾನು ಅವರನ್ನ ಹೇಗೆ ಬಯ್ಯಲಿ? ನಿಮ್ಮನ್ನಾದ್ರೂ ಹೇಗೆ ಬಯ್ಯಲಿ?"

ಅವಳು ಹೋದ ಮೇಲೆ ಸಾಹೇಬರು ಅತ್ತರು. ಮುಚ್ಚುಮರೆಯೇನಿಲ್ಲದೆ, ಮೂಗು ಸೀದುತ್ತಾ ಅತ್ತರು. ಹೋದ ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಬಾರದ ಅಳು ಈಗ ಬಂತು. ಮೆಹರ್ ಬಾನು ಪಕ್ಕದಲ್ಲಿ ಬಂದು ಕೂತು ಬೆನ್ನು ಸವರಿದಳು. ಅವರಿಬ್ಬರ ಮಾತು ದಖನಿಯಲ್ಲಿ ನಡೆಯುವುದು. "ಅಳುವಂಥದ್ದೇನಾಯಿತು?" ಎಂದಳು. "ನನಗಿಂತ ಚೆನ್ನಾಗಿ ಗುಟ್ಟು ಕಾಯುವವರು ಹನ್ನೊಂದು ಜನ ಸಿಕ್ಕಿದ್ದಾರೆ ನಿಮಗೆ."

ಭಾನುವಾರ ಗಂಡನನ್ನು ಭದ್ರಾವತಿಯಲ್ಲಿ ಒಬ್ಬರನ್ನೇ ಬಿಡುವುದು ಅಪಾಯ ಎಂದು ಮೆಹರ್ ಬಾನುವಿಗೆ ಗೊತ್ತಿತ್ತು. ತಂಗಿಯ ಮಗಳು ಸನಾಳ ಮದುವೆಗೆ ಬಟ್ಟೆ ತೆಗೆಯುವುದಿತ್ತು. ಬಟ್ಟೆ ತೆಗೆಯಲು ಶಿವಮೊಗ್ಗದ ಗಾಂಧಿ ಬಜಾರಿಗೇ ಹೋಗಬೇಕು. ಪಂದ್ಯವೂ ಶಿವಮೊಗ್ಗದಲ್ಲೇ. ದೂರ ಇಟ್ಟು ಕಾಯುವುದಕ್ಕಿಂತ ಸೆರಗಿಗೆ ಕಟ್ಟಿಕೊಂಡು ಹೋಗುವುದೇ ಮೇಲು ಎಂದು ಜೊತೆಗೆ ಹೊರಡಿಸಿದಳು. ಅವರ ಮೊಬೈಲನ್ನು ಸ್ವಿಚ್ ಆಫ್ ಮಾಡಿ ತನ್ನ ಚೀಲದ ತಳಕ್ಕೆ ಹಾಕಿಕೊಂಡಳು.

ಅಂಗಡಿಯವನು ಸೀರೆಯ ಮೇಲೆ ಸೀರೆ ಹರವುತ್ತಿದ್ದ. ಸಾಹೇಬರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದರು. ಈಗ ಟಾಸ್ ಆಗಿರುತ್ತದೆ. ಈಗ ಶುರುವಾಗಿರುತ್ತದೆ. ಸ್ಟೇಡಿಯಮ್ಮಿನ ಕೂಗು ಇಲ್ಲಿಗೆ ಕೇಳಿಸುತ್ತದೇನೋ ಎಂದು ಕಿವಿಗೊಟ್ಟರೆ ಬಜಾರಿನ ಹಾರ್ನು, ಹಮಾಲರ "ದಾರಿ ಬಿಡಿ ದಾರಿ ಬಿಡಿ", ಹಣ್ಣಿನ ಗಾಡಿಯವನ ಮೈಕು. "ಈ ಹಸಿರು ಹೇಗಿದೆ?" ಎಂದು ಮೆಹರ್ ಬಾನು ಕೇಳಿದಳು. "ಮೊಹ್ಸಿನ್ ಮುಂದೆ ಬಂದು ನಿಂತಿರ್ತಾನೆ, ಅವನಿಗೆ ಅದೊಂದು ಚಾಳಿ" ಎಂದರು ಸಾಹೇಬರು. ಅಂಗಡಿಯವನು ಹಸಿರು ಸೀರೆಯನ್ನು ಮಡಿಸಿಟ್ಟು ಕೆಂಪು ತೆಗೆದ.

ಬಟ್ಟೆಯ ಗಂಟು ಹಿಡಿದು ಹೊರಗೆ ಬಂದಾಗ ಇನ್ನೂ ಆಟದ ಹೊತ್ತೇ. ರಸ್ತೆಯಲ್ಲಿ ಒಂದು ಆಟೋ ಗಕ್ಕನೆ ನಿಂತಿತು. ಒಳಗಿದ್ದವನು ಸುದರ್ಶನ. ಒಂದು ಕಾಲಕ್ಕೆ ಓಲ್ಡ್ ಟೌನ್ ತಂಡದ ಎಡಬದಿಯಲ್ಲಿ ಗಾಳಿಯ ಹಾಗೆ ಓಡುತ್ತಿದ್ದವನು, ಈಗ ಶಿವಮೊಗ್ಗದಲ್ಲಿ ಆಟೋ ಓಡಿಸುತ್ತಾನೆ. "ಸಾರ್, ನೀವಿಲ್ಲಿ? ಅಲ್ಲಿ ಮ್ಯಾಚ್ ನಡೀತಿದೆ. ಹತ್ತಿ, ಐದು ನಿಮಿಷಕ್ಕೆ ಬಿಡ್ತೀನಿ. ಹಿಂದಿನ ಗೇಟಲ್ಲಿ ಒಳಗೆ ಬಿಡಿಸ್ತೀನಿ, ನರಪಿಳ್ಳೆಗೂ ಗೊತ್ತಾಗಲ್ಲ."

ಸಾಹೇಬರು ಒಂದು ಕಾಲನ್ನು ಆಟೋದೊಳಗೆ ಇಟ್ಟೇಬಿಟ್ಟರು. ಇಟ್ಟು ಹೆಂಡತಿಯ ಕಡೆ ತಿರುಗಿದರು. ಅವಳು ತಡೆಯುತ್ತಾಳೆ ಎಂದುಕೊಂಡಿದ್ದರು. ತಡೆದಿದ್ದರೆ ಜಗಳವಾಡಿಯಾದರೂ ಹೋಗಿಬಿಡುತ್ತಿದ್ದರೇನೋ. ಮೆಹರ್ ಬಾನು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ಹೋಗುವುದಾದರೆ ಹೋಗಿ. ನಾನು ಬಸ್ಸಿಗೆ ಹೋಗುತ್ತೇನೆ. ನಾನಂತೂ ಯಾರಿಗೂ ಹೇಳುವುದಿಲ್ಲ" ಎಂದಳು.

ಒಂದು ಕಾಲು ಆಟೋದಲ್ಲಿ, ಒಂದು ಕಾಲು ಗಾಂಧಿ ಬಜಾರಿನಲ್ಲಿ. ಹಿಂದಿನಿಂದ ಬಂದ ಗಾಡಿಗಳೆಲ್ಲ ಹಾರ್ನು ಒತ್ತತೊಡಗಿದವು. ಸಾಹೇಬರಿಗೆ ವಿಷ್ಣುವಿನ ನೆನಪು ಬಂತು. ಗೋಲು ಎದುರಿಗಿತ್ತು, ತಲೆಯೆತ್ತಿ ಈ ಕಡೆ ನೋಡಿದ, ಎಂದಿದ್ದ ಪುಟ್ಟಯ್ಯ. ಎಂಥ ಕಾಲು ಆ ಹುಡುಗನದು. ಆ ಕಾಲನ್ನು ಕಟ್ಟಿಹಾಕಿದ್ದು ತಮ್ಮದೇ ಕಿವಿ. ಹಿಂದಿನ ಗೇಟಲ್ಲ, ಮಣ್ಣಿನೊಳಗಿಂದ ಹೋಗಿ ಕೂತರೂ ಅವನು ತಮ್ಮನ್ನು ಕಂಡುಹಿಡಿಯುತ್ತಾನೆ. ಕಂಡುಹಿಡಿದ ಮೇಲೆ ಚೆಂಡನ್ನು ಹತ್ತಿರ ತರುತ್ತಾನೆ, ಸಾರ್‌ಗೆ ಕಾಣಲಿ ಎಂದು.

"ಬಸ್ ಸ್ಟ್ಯಾಂಡಿಗೆ ಬಿಡು ಸುದರ್ಶನ" ಎಂದರು.

"ಸಾರ್, ಮ್ಯಾಚು?"

"ಮ್ಯಾಚ್ ಆಡೋರು ಆಡ್ತಿದ್ದಾರೆ ಮಾರಾಯ. ನೀನು ಗಾಡಿ ಬಿಡು."

ಬಸ್ಸಿನಲ್ಲಿ ಭದ್ರಾವತಿ ಬರುವವರೆಗೂ ಅವರು ಹೆಂಡತಿಯ ಕೈಯನ್ನು ಬಿಡಲಿಲ್ಲ. ನಾಲ್ಕು ಜನರ ಎದುರಿಗೆ ಕೈ ಹಿಡಿದುಕೊಳ್ಳುವ ಗಂಡಸಲ್ಲ ಅದು. ಮೆಹರ್ ಬಾನುವೂ ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದು ಮೊಬೈಲು ಕೇಳಲಿಲ್ಲ, ಪುಟ್ಟಯ್ಯನ ಮನೆಗೂ ಹೋಗಲಿಲ್ಲ. ಹೊತ್ತು ಮುಳುಗುವಾಗ ಮಿನಿ ಬಸ್ಸೊಂದು ಬೀದಿಯ ತುದಿಯಲ್ಲಿ ನಿಂತ ಸದ್ದಾಯಿತು. ಆಮೇಲೆ ಶೂಗಳ ಸದ್ದು. ಬಾಗಿಲಲ್ಲಿ ಹುಡುಗರ ಹಿಂಡು, ಎಲ್ಲರ ಹಿಂದೆ ಚೈತನ್ಯಾ. ಮೈಯೆಲ್ಲ ಧೂಳು. ಯಾರ ಮುಖವನ್ನು ನೋಡಿದರೂ ಸಾಹೇಬರಿಗೆ ಏನೂ ತಿಳಿಯಲಿಲ್ಲ, ಬಾಗಿಲಲ್ಲಿ ಬೆಳಕು ಕಡಿಮೆಯಿತ್ತು.

"ಹತ್ರ ಬನ್ರೋ" ಎಂದರು. "ಏನಾಯ್ತು?"

"ಒಂದು ಒಂದು ಸಾರ್" ಎಂದ ಮೊಹ್ಸಿನ್. "ಡ್ರಾ. ಇಳೀಲಿಲ್ಲ."

ಆಮೇಲೆ ಎಲ್ಲರೂ ಒಟ್ಟಿಗೆ, ತಮಿಳು ಕನ್ನಡ ದಖನಿ ಕಲಸಿ ಹೇಳತೊಡಗಿದರು. ಮೊದಲು ಎದುರಾಳಿಗಳೇ ಗೋಲು ಹೊಡೆದರಂತೆ. ಮೊಹ್ಸಿನ್ ಸುಮ್ಮಸುಮ್ಮನೆ ಮುಂದೆ ಬಂದು ನಿಂತಿದ್ದನಂತೆ. ಸಾಹೇಬರು ಹೆಂಡತಿಯ ಕಡೆ ನೋಡಿ, ಹೇಳಲಿಲ್ಲವಾ ಎಂಬಂತೆ ಹುಬ್ಬು ಹಾರಿಸಿದರು. ಕೊನೆಯ ಹೊತ್ತಿಗೆ ವಿಷ್ಣು ಚೆಂಡನ್ನು ಎತ್ತಿ ಆಚೆ ಬದಿಗೆ ದಾಟಿಸಿದನಂತೆ. ಅಲ್ಲಿ ಸೆಲ್ವಂ ಒಬ್ಬನೇ ಇದ್ದನಂತೆ, ಅವನೇ ಗೋಲು ಹೊಡೆದನಂತೆ. ಓಲ್ಡ್ ಟೌನಿನವರು ಆಚೆ ಬದಿಗೆ ಬರುವುದಿಲ್ಲ ಎಂದು ಇಡೀ ಜಿಲ್ಲೆಗೇ ಗೊತ್ತಿದ್ದರಿಂದ ಅಲ್ಲಿ ಕಾಯುವವರು ಯಾರೂ ಇರಲಿಲ್ಲವಂತೆ.

"ಆಚೆ ಬದಿಯಿಂದ ಸಾರ್" ಎಂದ ವಿಷ್ಣು, ತಲೆ ತಗ್ಗಿಸಿ. "ನೀವು ಇದ್ದಿದ್ರೂ ನಿಮಗೆ ಕಾಣ್ತಿರ್ಲಿಲ್ಲ."

ಅಷ್ಟು ದಿನ ಬಾಯಿಗೆ ಬಾರದ ಮಾತನ್ನು ಅವನು ಆಡಿಬಿಟ್ಟಿದ್ದ. ಸಾಹೇಬರು ಕೈ ಚಾಚಿ ಅವನ ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು" ಎಂದರು. "ಆಟ ಶುರುವಾದ ಮೇಲೆ ನಿನಗೆ ನಾನು ಯಾವಾಗ ನೆನಪಾದೆ?"

ವಿಷ್ಣು ಚೈತನ್ಯಾಳ ಕಡೆ ನೋಡಲಿಲ್ಲ. ಗೆಳೆಯರ ಕಡೆಯೂ ನೋಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದ. ಸುಳ್ಳು ಹೇಳಲು ಬಾರದ ಹುಡುಗ.

"ವಾಪಸ್ ಬರೋಕೆ ಬಸ್ ಹತ್ತಿದಾಗ ಸಾರ್" ಎಂದ. "ಡ್ರೈವರ್ ಹಿಂದಿನ ನಿಮ್ಮ ಸೀಟು ಖಾಲಿ ಇತ್ತು, ಅದನ್ನ ನೋಡಿದಾಗ. ಅಲ್ಲೀ ತನಕ ನೆನಪೇ ಆಗ್ಲಿಲ್ಲ. ಎಲ್ರನ್ನೂ ಕೇಳ್ದೆ, ಯಾರಿಗೂ ಆಗಿರ್ಲಿಲ್ಲ. ತಪ್ಪಾಯ್ತು ಸಾರ್."

ಸಾಹೇಬರಿಗೆ ನೋವೂ ಆಯಿತು, ಅದು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನೋವಿಗಿಂತ ಖುಷಿಯೇ ದೊಡ್ಡದಾಗಿತ್ತು. ವಿಷ್ಣುವಿನ ಧೂಳು ತಲೆಯನ್ನು ಎದೆಗೆ ಒತ್ತಿಕೊಂಡು, "ತಪ್ಪಲ್ಲ ಕಣೋ, ತಪ್ಪಲ್ಲ" ಎಂದು ಎರಡು ಸಲ ಹೇಳಿದರು. ಎಷ್ಟು ಕಪ್ಪು ಗೆದ್ದರೂ ಯಾವ ಹುಡುಗನನ್ನೂ ಅವರು ಹಾಗೆ ಒತ್ತಿಕೊಂಡಿರಲಿಲ್ಲ. ಮೆಹರ್ ಬಾನು ಕಣ್ಣೊರ‌ಸಿಕೊಂಡು, ಇಷ್ಟು ಜನಕ್ಕೆ ಹಾಲು ಸಾಲುವುದಿಲ್ಲ ಎಂದು ಗೊಣಗುತ್ತಾ ಒಳಗೆ ಹೋದಳು.

ಹುಡುಗರು ಚಹಾ ಕುಡಿದು ಎದ್ದ ಮೇಲೆ ಸಾಹೇಬರು ಚೈತನ್ಯಾಳನ್ನು ಕರೆದರು. "ಇನ್ಮೇಲೆ ಆ ಮುಂದಿನ ಸೀಟಲ್ಲಿ ನೀನು ಕೂತ್ಕೊ ಮಗಳೇ. ಅದು ಕೋಚ್ ಸೀಟು."

"ಬೇಡ ಸಾರ್" ಎಂದಳು ಅವಳು. "ನಾನು ಕೊನೇ ಸೀಟಲ್ಲಿ ಕೂತ್ಕೊಳ್ತೀನಿ. ಅಲ್ಲಿಂದ ನನಗೆ ಎಲ್ರೂ ಕಾಣ್ತಾರೆ, ಅವರಿಗೆ ನಾನು ಕಾಣಲ್ಲ."

ಸಾಹೇಬರು ಆ ಮಾತನ್ನು ಒಂದು ಕ್ಷಣ ಬಾಯಲ್ಲಿಟ್ಟು ಚಪ್ಪರಿಸಿದರು. "ಮತ್ತೆ ಮುಂದಿನ ಸೀಟು?"

"ಅದರ ಮೇಲೆ ಆಗಲೇ ಸೆಲ್ವಂ ತನ್ನ ಶೂ ಇಟ್ಟಿದ್ದಾನೆ ಸಾರ್."

"ಇಟ್ಕೊಳ್ಲಿ ಬಿಡು" ಎಂದರು ಲತೀಫ್ ಸಾಹೇಬರು. ಬೀದಿಯ ತುದಿಯಲ್ಲಿ ಬಸ್ಸು ಹೊರಟಾಗ ಅವರು ಬಾಗಿಲಲ್ಲಿ ನಿಂತು ಕೈ ಬೀಸಿದರು. ಅಷ್ಟು ದೂರದಿಂದ ಯಾರು ಕೈ ಬೀಸಿದರು, ಯಾರು ಬೀಸಲಿಲ್ಲ ಎಂಬುದು ಅವರಿಗೆ ಕಾಣಲಿಲ್ಲ, ಯಾರನ್ನೂ ಕೇಳಲೂ ಇಲ್ಲ.